ಹೆಬ್ಬಾರರ ಗೆರೆ: ಒಬ್ಬ ಚಿತ್ರಕಾರನ ದುಡಿಮೆಯ ಕಥೆ

ಚಿತ್ರಕಾರನೆಂದರೆ ಮನಸ್ಸು ಬಂದಾಗ ಕುಂಚ ಹಿಡಿಯುವವನು, ಉಳಿದ ವೇಳೆಯಲ್ಲಿ ಆಕಾಶ ನೋಡುತ್ತ ಕೂರುವವನು ಎಂಬ ಭಾವನೆ ನಮ್ಮ ಜನರಲ್ಲಿ ಬಲವಾಗಿದೆ. ಕಲೆಯ ಮಾತು ಬಂದಾಗ ಸ್ಫೂರ್ತಿ ಎಂಬ ಶಬ್ದವನ್ನು ನಾವು ಧಾರಾಳವಾಗಿ ಬಳಸುತ್ತೇವೆ. ದುಡಿಮೆ ಎಂಬ ಶಬ್ದ ಅಷ್ಟು ಸುಲಭವಾಗಿ ನಾಲಗೆಗೆ ಬರುವುದಿಲ್ಲ. ಜೀವನೋಪಾಯಕ್ಕಾಗಿ ಊರು ಬಿಟ್ಟು ಮಹಾನಗರಗಳನ್ನು ಸೇರಿದ ಕನ್ನಡಿಗರಲ್ಲಿ ಹೋಟೆಲು ನಡೆಸಿದವರಿದ್ದಾರೆ, ಗಿರಣಿಯಲ್ಲಿ ದುಡಿದವರಿದ್ದಾರೆ, ಬ್ಯಾಂಕು ಕಚೇರಿಗಳಲ್ಲಿ ಬಾಳು ಸವೆಸಿದವರಿದ್ದಾರೆ, ವೈದ್ಯರಾಗಿ ಅಧ್ಯಾಪಕರಾಗಿ ಹೆಸರು ಪಡೆದವರಿದ್ದಾರೆ. ಇವರೆಲ್ಲರ ದಿನಚರಿ ನಮಗೆ ಅರ್ಥವಾಗುತ್ತದೆ. ಬೆಳಿಗ್ಗೆ ಎದ್ದು ಖಾಲಿ ಕ್ಯಾನ್ವಾಸಿನ ಮುಂದೆ ನಿಲ್ಲುವವನ ದಿನಚರಿ ಮಾತ್ರ ನಮಗೆ ಒಗಟಾಗಿಯೇ ಉಳಿದಿದೆ.

ಈ ಒಗಟನ್ನು ಬಿಡಿಸಲು ದೂರದ ಉದಾಹರಣೆ ಬೇಕಾಗಿಲ್ಲ. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯನ್ನು ತಮ್ಮ ಕರ್ಮಭೂಮಿಯನ್ನಾಗಿ ಮಾಡಿಕೊಂಡು, 1996ರಲ್ಲಿ ಇದೇ ನಗರದಲ್ಲಿ ತೀರಿಕೊಂಡ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ನಮ್ಮವರೇ. ಭಾರತದ ಆಧುನಿಕ ಚಿತ್ರಕಲೆಯ ಚರಿತ್ರೆಯನ್ನು ಬರೆಯುವ ಯಾರೂ ಕೆ. ಕೆ. ಹೆಬ್ಬಾರರ ಹೆಸರನ್ನು ಬಿಡುವಂತಿಲ್ಲ. ಭಾರತ ಸರಕಾರ ಅವರಿಗೆ 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ನೀಡಿತು. ಆದರೆ ಪ್ರಶಸ್ತಿಗಳ ಪಟ್ಟಿಯಿಂದ ಕಲಾವಿದನ ಬದುಕು ತಿಳಿಯದು. ಒಂದು ವಿದ್ಯೆ ಕೈವಶವಾದೊಡನೆ ಅದರಲ್ಲಿಯೇ ನೆಲೆನಿಂತು ಸುಖವಾಗಿರುವ ಅವಕಾಶ ಹೆಬ್ಬಾರರಿಗೆ ಇತ್ತು. ಅವರು ಅದನ್ನು ಒಪ್ಪದೆ ಮತ್ತೆ ಮತ್ತೆ ವಿದ್ಯಾರ್ಥಿಯಾದರು. ಅವರ ಕೃತಿಗಳ ಗುಟ್ಟು ಇದರಲ್ಲಿಯೇ ಇದೆ ಎಂದು ನನ್ನ ನಂಬಿಕೆ.

ಊರು ಕಲಿಸಿದ ಮೊದಲ ಪಾಠ

ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲ ಅದು. ಕಟ್ಟಿಂಗೇರಿಯಂತಹ ಹಳ್ಳಿಯ ಹುಡುಗನಿಗೆ ಚಿತ್ರಶಾಲೆಯಾಗಲಿ, ವಸ್ತುಸಂಗ್ರಹಾಲಯವಾಗಲಿ ಕಾಣಸಿಗುತ್ತಿರಲಿಲ್ಲ. ಆದರೆ ಕರಾವಳಿಯ ಹಳ್ಳಿಯಲ್ಲಿ ಕಣ್ಣಿಗೆ ಕೊರತೆಯೆಂಬುದು ಇರಲಿಲ್ಲ. ಸುಗ್ಗಿ ಮುಗಿದ ಗದ್ದೆಯಲ್ಲಿ ಆಟದ ಮೇಳ ಬೀಡುಬಿಟ್ಟರೆ ಚೌಕಿಯೊಳಗೆ ದೀಪದ ಬೆಳಕಿನಲ್ಲಿ ವೇಷಧಾರಿಗಳು ತಮ್ಮ ಮುಖವನ್ನೇ ಹಲಗೆಯನ್ನಾಗಿ ಮಾಡಿಕೊಂಡು ಬಣ್ಣ ಬರೆದುಕೊಳ್ಳುವುದನ್ನು ಮಕ್ಕಳು ಇಣುಕಿ ನೋಡುತ್ತಿದ್ದರು. ರಾಕ್ಷಸ ವೇಷದವರು ಅಕ್ಕಿಹಿಟ್ಟಿನ ಚುಟ್ಟಿಯನ್ನು ಒಂದೊಂದಾಗಿ ಮುಖದ ಮೇಲೆ ಇಡುತ್ತ ಹೋಗುವಾಗ, ಪರಿಚಯದ ಮನುಷ್ಯನೊಬ್ಬ ಕಣ್ಣೆದುರಿಗೇ ಬೇರೊಂದು ಲೋಕದವನಾಗುತ್ತಿದ್ದ.

ಇನ್ನೊಂದು ಪಾಠಶಾಲೆ ನಾಗಮಂಡಲ. ಬಿಳಿಯ ಬಣ್ಣಕ್ಕೆ ಬಿಳಿ ಮಣ್ಣಿನ ಪುಡಿ, ಹಳದಿಗೆ ಅರಸಿನ, ಕೆಂಪಿಗೆ ಅರಸಿನದೊಡನೆ ಸುಣ್ಣ, ಹಸುರಿಗೆ ಎಲೆಯ ಪುಡಿ, ಕಪ್ಪಿಗೆ ಸುಟ್ಟ ಭತ್ತದ ಹೊಟ್ಟು: ಹೀಗೆ ಐದು ಬಣ್ಣಗಳಲ್ಲಿ ನೆಲದ ಮೇಲೆ ಹೆಣೆದುಕೊಂಡ ಸರ್ಪದ ಸುರುಳಿಗಳು ಮೂಡುತ್ತವೆ. ಎಲ್ಲಿ ಆರಂಭ, ಎಲ್ಲಿ ಅಂತ್ಯ ಎಂದು ತಿಳಿಯದಂತೆ ಗೆರೆ ಹರಿಯುತ್ತದೆ. ರಾತ್ರಿಯಿಡೀ ಡಕ್ಕೆಯ ದನಿಗೆ ಅದರ ಸುತ್ತ ಕುಣಿತ ನಡೆದು, ಬೆಳಗಾಗುವಷ್ಟರಲ್ಲಿ ಆ ಮಂಡಲ ಅಳಿದು ಪ್ರಸಾದವಾಗಿ ಹಂಚಿಹೋಗುತ್ತದೆ. ಚಿತ್ರ, ನೃತ್ಯ, ವಾದ್ಯ ಇವು ಬೇರೆಬೇರೆ ಕಲೆಗಳೆಂಬ ಭೇದ ಅಲ್ಲಿಲ್ಲ. ಕುಣಿಯುವವನ ಕಾಲು ತಾಳವನ್ನು ಕೇಳುತ್ತದೆ, ನೆಲದ ಗೆರೆ ಕುಣಿತವನ್ನು ಸುತ್ತುವರಿಯುತ್ತದೆ.

ಇದನ್ನೆಲ್ಲ ನೋಡಿ ಬೆಳೆದ ಮಕ್ಕಳೆಲ್ಲ ಚಿತ್ರಕಾರರಾಗುವುದಿಲ್ಲ ಎಂಬುದು ನಿಜ. ಆದರೆ ಈ ನೆನಪು ಹೆಬ್ಬಾರರ ಮುಂದಿನ ಬದುಕಿನಲ್ಲಿ ಎಲ್ಲಿ ಅಡಗಿತ್ತು, ಎಷ್ಟು ಕಾಲದ ಮೇಲೆ ಹೊರಗೆ ಬಂತು ಎಂಬುದು ಕುತೂಹಲದ ಸಂಗತಿ. ಅದು ಕೂಡಲೇ ಹೊರಗೆ ಬರಲಿಲ್ಲ. ಮೊದಲು ಅವರು ಬೇರೊಂದು ವಿದ್ಯೆಯನ್ನು ಕಷ್ಟಪಟ್ಟು ಕಲಿಯಬೇಕಾಯಿತು.

ಮುಂಬಯಿಯ ವಿದ್ಯೆ

ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕೆಲವು ಕಾಲ ಅಭ್ಯಾಸ ಮಾಡಿದ ಹೆಬ್ಬಾರರು 1930ರ ದಶಕದ ಆರಂಭದಲ್ಲಿ ಮುಂಬಯಿಗೆ ಬಂದರು. ಆ ದಿನಗಳಲ್ಲಿ ಇಲ್ಲಿ ದಂಡಾವತಿಮಠರು ನಡೆಸುತ್ತಿದ್ದ ನೂತನ ಕಲಾಮಂದಿರವು ಚಿತ್ರಕಲೆ ಕಲಿಯಬಯಸಿ ಬರುವ ಕನ್ನಡದ ಹುಡುಗರಿಗೆ ತವರಿನಂತಿತ್ತು. ಗುಲಬರ್ಗಾದ ಎಸ್. ಎಂ. ಪಂಡಿತರೂ ಅಲ್ಲಿ ಕಲಿತವರೇ. ಮುಂದೆ ಅವರು ಸಿನೆಮಾ ಪೋಸ್ಟರುಗಳಿಂದಲೂ ಕ್ಯಾಲೆಂಡರಿನ ಪೌರಾಣಿಕ ಚಿತ್ರಗಳಿಂದಲೂ ಮನೆಮಾತಾದರು. ಹೆಬ್ಬಾರರು ಅಲ್ಲಿ ಅಭ್ಯಾಸ ಮಾಡಿ, ಬಳಿಕ ಸರ್ ಜೆ. ಜೆ. ಕಲಾಶಾಲೆಯನ್ನು ಸೇರಿ, 1938ರಲ್ಲಿ ಡಿಪ್ಲೊಮಾ ಪಡೆದರು.

ಜೆ. ಜೆ. ಶಾಲೆಯ ಶಿಕ್ಷಣಕ್ರಮ ಯೂರೋಪಿನ ಕಲಾಶಾಲೆಗಳ ಮಾದರಿಯದು. ಮೊದಲು ಗಚ್ಚಿನ ಪ್ರತಿಮೆಗಳನ್ನು ಮುಂದಿಟ್ಟುಕೊಂಡು ನೆರಳು ಬೆಳಕಿನ ಅಭ್ಯಾಸ. ಬಳಿಕ ಎದುರಿಗೆ ಕೂತ ಮನುಷ್ಯನನ್ನು ನೋಡಿ ಬರೆಯುವುದು. ಮೂಳೆಯ ಮೇಲೆ ಮಾಂಸ ಹೇಗೆ ಕೂತಿದೆ, ಬೆಳಕು ಒಂದು ಬದಿಯಿಂದ ಬಿದ್ದರೆ ಕೆನ್ನೆಯ ಉಬ್ಬು ಹೇಗೆ ಕಾಣುತ್ತದೆ, ದೂರದ ವಸ್ತು ಎಷ್ಟು ಕಿರಿದಾಗುತ್ತದೆ, ಇವೆಲ್ಲಕ್ಕೂ ಲೆಕ್ಕವುಂಟು. ಇದ್ದಿಲಿನ ಕಡ್ಡಿ ಹಿಡಿದು, ಒಂದೇ ಕೈಯನ್ನು ದಿನಗಟ್ಟಲೆ ಬರೆದು ಅಳಿಸಿ ಮತ್ತೆ ಬರೆಯುವ ಈ ಶಿಕ್ಷಣವನ್ನು ಹಗುರವಾಗಿ ಕಾಣಬಾರದು. ಸಂಗೀತ ವಿದ್ಯಾರ್ಥಿಯ ಸರಳೆ ಜಂಟಿವರಸೆಗಳಿಗೆ ಇದನ್ನು ಹೋಲಿಸಬಹುದು. ನೋಡಿದ್ದನ್ನು ನೋಡಿದಂತೆ ಬರೆಯಲು ಬಂದವನಿಗೆ ಮಾತ್ರ ಅದನ್ನು ಬಿಡುವ ಅಧಿಕಾರವಿರುತ್ತದೆ.

ಈ ವಿದ್ಯೆಯಲ್ಲಿ ಹೆಬ್ಬಾರರು ಎಷ್ಟು ಪಳಗಿದ್ದರೆಂದರೆ, 1940ರಿಂದ 1945ರ ವರೆಗೆ ಅದೇ ಶಾಲೆಯಲ್ಲಿ ಅಧ್ಯಾಪಕರಾಗಿದ್ದರು. ಇಲ್ಲಿ ಒಂದು ವಿಷಯವನ್ನು ಓದುಗರು ಗಮನಿಸಬೇಕು. ಆ ಕಾಲದ ಮುಂಬಯಿಯಲ್ಲಿ ಹೂಬೇಹೂಬು ಚಿತ್ರ ಬರೆಯಬಲ್ಲವನಿಗೆ ಅನ್ನಕ್ಕೆ ಮೋಸವಿರಲಿಲ್ಲ. ಶ್ರೀಮಂತರು ತಮ್ಮ ಹಿರಿಯರ ಭಾವಚಿತ್ರಗಳನ್ನು ಬರೆಸುತ್ತಿದ್ದರು. ಸಿನೆಮಾ ಕಂಪೆನಿಗಳಿಗೆ ಪರದೆ ಬರೆಯುವವರು ಬೇಕಾಗಿತ್ತು. ಜಾಹೀರಾತು ಕಂಪೆನಿಗಳೂ ಕ್ಯಾಲೆಂಡರು ಮುದ್ರಿಸುವವರೂ ಕೆಲಸ ಕೊಡುತ್ತಿದ್ದರು. ಹಳ್ಳಿಯಿಂದ ಬಂದ ಯುವಕನೊಬ್ಬ ಆ ದಾರಿ ಹಿಡಿದು ನೆಮ್ಮದಿಯಿಂದ ಬಾಳಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅದರಲ್ಲಿಯೂ ಶ್ರೇಷ್ಠ ಕೆಲಸ ಮಾಡಬಹುದೆಂಬುದಕ್ಕೆ ಪಂಡಿತರೇ ಸಾಕ್ಷಿ. ಹೆಬ್ಬಾರರ ಮನಸ್ಸು ಮಾತ್ರ ಬೇರೆ ಕಡೆಗೆ ಎಳೆಯುತ್ತಿತ್ತು. ಕಲಿತ ವಿದ್ಯೆ ಕೈಯಲ್ಲಿತ್ತು. ಅದು ತಮ್ಮದು ಎಂಬ ಭಾವನೆ ಬರಲಿಲ್ಲ.

ಮಲಬಾರಿನ ಬಿಸಿಲು

ಹಾಗಾದರೆ ತಮ್ಮದು ಯಾವುದು? ಈ ಪ್ರಶ್ನೆ ಆ ಕಾಲದ ಭಾರತೀಯ ಕಲಾವಿದರನ್ನೆಲ್ಲ ಕಾಡುತ್ತಿತ್ತು. ಅಮೃತಾ ಶೇರ್‌ಗಿಲ್ ಪ್ಯಾರಿಸಿನಲ್ಲಿ ಕಲಿತು ಸ್ವದೇಶಕ್ಕೆ ಮರಳಿ, ಅಜಂತೆಯನ್ನು ನೋಡಿ, ದಕ್ಷಿಣದೇಶದ ಪ್ರವಾಸ ಮಾಡಿ, 1937ರಲ್ಲಿ ದಕ್ಷಿಣದ ಜನಜೀವನದ ಮೂರು ದೊಡ್ಡ ಚಿತ್ರಗಳನ್ನು ಬರೆದಿದ್ದರು. 1941ರಲ್ಲಿ, ಇಪ್ಪತ್ತೆಂಟರ ವಯಸ್ಸಿನಲ್ಲಿಯೇ ಅವರು ತೀರಿಕೊಂಡರೂ ಆ ಚಿತ್ರಗಳು ಅನೇಕ ಯುವಕರ ಕಣ್ಣು ತೆರೆಸಿದವು. ಹೆಬ್ಬಾರರೂ ಅವರಲ್ಲೊಬ್ಬರು. ಪಶ್ಚಿಮದ ವಿದ್ಯೆಯನ್ನು ಕಲಿತ ಕೈ ಭಾರತದ ನೆಲವನ್ನು ಭಾರತೀಯವಾಗಿಯೇ ಬರೆಯಬಹುದು ಎಂಬ ಧೈರ್ಯ ಅವರಿಗೆ ಇದರಿಂದ ದೊರೆಯಿತು. ಅಜಂತೆಯ ಭಿತ್ತಿಚಿತ್ರ, ಜೈನರ ಹಸ್ತಪ್ರತಿಗಳ ಚಿತ್ರ, ರಾಜಪುತ ಮತ್ತು ಮೊಗಲ ಶೈಲಿಯ ಕಿರುಚಿತ್ರ ಇವುಗಳನ್ನು ಅವರು ಅಭ್ಯಾಸ ಮಾಡಿದರು.

ಈ ಅಭ್ಯಾಸ ಎಷ್ಟು ಕಷ್ಟವೆಂಬುದನ್ನು ಸ್ವಲ್ಪ ವಿವರಿಸಬೇಕು. ಜೆ. ಜೆ. ಶಾಲೆ ಕಲಿಸಿದ್ದು ನೆರಳಿನಿಂದ ಆಕಾರವನ್ನು ಉಬ್ಬಿಸುವ ವಿದ್ಯೆ. ಜೈನ ಹಸ್ತಪ್ರತಿಯ ಚಿತ್ರದಲ್ಲಿ ನೆರಳೇ ಇಲ್ಲ. ಅಲ್ಲಿ ಬಣ್ಣ ಚಪ್ಪಟೆಯಾಗಿ ಹಬ್ಬಿರುತ್ತದೆ. ಆಕಾರವನ್ನು ಹಿಡಿದು ನಿಲ್ಲಿಸುವ ಭಾರವೆಲ್ಲ ಗೆರೆಯ ಮೇಲೆ ಬೀಳುತ್ತದೆ. ಗೆರೆ ತಪ್ಪಿದರೆ ಮುಚ್ಚಿಕೊಳ್ಳಲು ನೆರಳಿನ ಆಸರೆಯಿಲ್ಲ. ವರ್ಷಗಟ್ಟಲೆ ಒಂದು ಬಗೆಯಲ್ಲಿ ಪಳಗಿದ ಕೈಗೆ ಇನ್ನೊಂದು ಬಗೆಯನ್ನು ಕಲಿಸುವುದೆಂದರೆ, ಎಡಗೈಯಲ್ಲಿ ಅಕ್ಷರ ತಿದ್ದಿದ ಹಾಗೆ. ಕೈ ತನಗೆ ಅಭ್ಯಾಸವಾದ ದಾರಿಗೇ ಜಾರುತ್ತಿರುತ್ತದೆ. ಇಷ್ಟಾಗಿ, ಹಗಲಿನಲ್ಲಿ ಶಿಷ್ಯರಿಗೆ ಕಲಿಸುತ್ತಿದ್ದ ಗುರುವಿನ ಸ್ಥಾನ ಅವರದು. ಆ ಸ್ಥಾನದಲ್ಲಿದ್ದು ಮತ್ತೆ ಮೊದಲಿನಿಂದ ತೊಡಗಲು ವಿನಯವೂ ಬೇಕು, ಹಠವೂ ಬೇಕು.

ಈ ಹುಡುಕಾಟಕ್ಕೆ ದಾರಿ ತೋರಿದ್ದು ಕೇರಳದ ಪ್ರವಾಸ. ಮಲಬಾರಿನ ಕೆಂಪು ಮಣ್ಣು, ತೆಂಗಿನ ನೆರಳು, ಬಿಳಿಯ ಬಟ್ಟೆಯುಟ್ಟು ದುಡಿಯುವ ಹೆಂಗಸರು, ಕಣ್ಣು ಕೋರೈಸುವ ಬಿಸಿಲು ಇವು ಅವರ ಚಿತ್ರಗಳಲ್ಲಿ ತುಂಬಿಕೊಂಡವು. ವಿವರಗಳು ಕಡಮೆಯಾದವು, ಬಣ್ಣದ ಹರವು ದೊಡ್ಡದಾಯಿತು, ಮನುಷ್ಯಾಕೃತಿಗಳು ಸರಳವಾದವು. ‘ಸನ್ನಿ ಸೌತ್’, ‘ಟು ಮೇಡನ್‌ಹುಡ್’ ಮೊದಲಾದ ಪ್ರಸಿದ್ಧ ಕೃತಿಗಳು 1940ರ ದಶಕದ ಈ ಘಟ್ಟಕ್ಕೆ ಸೇರಿದವು. ಮಲಬಾರಿನ ನೆಲ ತುಳುನಾಡಿನ ನೆಲದ ಮುಂದುವರಿಕೆಯೇ ಆಗಿದೆ ಎಂಬುದು ಕರಾವಳಿಯ ಓದುಗರಿಗೆ ಹೇಳಬೇಕಾಗಿಲ್ಲ. ಅದೇ ಮಣ್ಣು, ಅದೇ ಮಳೆ, ಅದೇ ತೆಂಗು. ಹೆಬ್ಬಾರರು ನೆರೆನಾಡಿಗೆ ಹೋಗಿ ನೋಡಿದ್ದು ಒಂದು ಬಗೆಯಲ್ಲಿ ತಮ್ಮ ಊರನ್ನೇ. ಊರಿನಲ್ಲಿದ್ದಾಗ ಕಾಣದಿದ್ದದ್ದು ಊರು ಬಿಟ್ಟ ಮೇಲೆ ಕಾಣುವುದು ವಲಸೆ ಬಂದವರೆಲ್ಲರ ಅನುಭವ.

ಪ್ಯಾರಿಸಿನಲ್ಲಿ ವಿದ್ಯಾರ್ಥಿ

1940ರ ದಶಕದ ಕೊನೆಯ ಹೊತ್ತಿಗೆ ಹೆಬ್ಬಾರರ ಹೆಸರು ಮುಂಬಯಿಯ ಕಲಾವಲಯದಲ್ಲಿ ಸುಸ್ಥಿರವಾಗಿತ್ತು. ಅತ್ತ 1947ರಲ್ಲಿ ಸೂಜಾ, ರಜಾ, ಆರಾ, ಹುಸೇನ್, ಗಾಡೆ, ಬಾಕ್ರೆ ಎಂಬ ಆರು ಮಂದಿ ಯುವಕರು ಪ್ರಗತಿಶೀಲ ಕಲಾವಿದರ ಗುಂಪನ್ನು ಕಟ್ಟಿ, ಹಳೆಯದನ್ನೆಲ್ಲ ಕೆಡವುತ್ತೇವೆಂದು ಸಾರಿದ್ದರು. ಹೆಬ್ಬಾರರು ಆ ಗುಂಪಿಗೆ ಸೇರಿದವರಲ್ಲ. ಘೋಷಣೆಗಳ ದಾರಿ ಅವರ ಸ್ವಭಾವಕ್ಕೆ ಒಗ್ಗಲಿಲ್ಲ. ಆದರೆ ತಮ್ಮ ಸ್ಥಾನ ಭದ್ರವಾಯಿತೆಂದು ಅವರು ಕೈಕಟ್ಟಿ ಕೂರಲೂ ಇಲ್ಲ. 1949–50ರಲ್ಲಿ, ನಲವತ್ತರ ಅಂಚಿನಲ್ಲಿದ್ದಾಗ, ಪ್ಯಾರಿಸಿಗೆ ಹೋಗಿ ಅಕಾದೆಮಿ ಜೂಲಿಯಾನಿನಲ್ಲಿ ವಿದ್ಯಾರ್ಥಿಯಾಗಿ ಸೇರಿಕೊಂಡರು.

ಆ ವಯಸ್ಸಿನಲ್ಲಿ, ಅಷ್ಟು ಹೆಸರು ಮಾಡಿದ ಮೇಲೆ, ತರುಣರ ನಡುವೆ ಈಸೆಲ್ ಇಟ್ಟುಕೊಂಡು ನಿಲ್ಲುವುದು ಸಣ್ಣ ಮಾತಲ್ಲ. ಮುಂಬಯಿಯಲ್ಲಿ ಮುದ್ರಿತ ಪ್ರತಿಗಳಲ್ಲಿ ನೋಡಿದ್ದ ಆಧುನಿಕ ಯೂರೋಪಿನ ಚಿತ್ರಗಳನ್ನು ಅವರು ಅಲ್ಲಿ ಕಣ್ಣಾರೆ ಕಂಡರು. ಮುದ್ರಿತ ಪುಟದಲ್ಲಿ ಬಣ್ಣದ ದಪ್ಪ ಕಾಣುವುದಿಲ್ಲ. ಕುಂಚದ ಜಾಡು ಕಾಣುವುದಿಲ್ಲ. ಚಿತ್ರದ ನಿಜವಾದ ಅಳತೆ ತಿಳಿಯುವುದಿಲ್ಲ. ಹಿಂತಿರುಗಿದ ಹೆಬ್ಬಾರರ ಚಿತ್ರಗಳಲ್ಲಿ ಬಣ್ಣಕ್ಕೆ ಹೊಸ ಮೈ ಬಂತು. ಮಲಬಾರಿನ ಚಿತ್ರಗಳ ಚಪ್ಪಟೆಯಾದ ಹರವು ಹಿಂದಕ್ಕೆ ಸರಿದು, ಬಣ್ಣದ ಮೇಲೆ ಬಣ್ಣ ಕೂತು, ಮೇಲ್ಮೈಯೇ ಮಾತನಾಡತೊಡಗಿತು. ಆದರೆ ಬರೆದ ವಿಷಯಗಳು ಪ್ಯಾರಿಸಿನವಾಗಲಿಲ್ಲ. ಹಸಿದವರು, ಭಿಕ್ಷುಕರು, ಕಟ್ಟಡ ಕಟ್ಟುವ ಕೂಲಿಗಳು, ಬೆಸ್ತರು, ಜಾತ್ರೆಯ ಜನ, ಕೋಳಿ ಅಂಕ, ವಾದ್ಯಗಾರರು ಇವರೇ ಅವರ ಕ್ಯಾನ್ವಾಸಿನಲ್ಲಿ ಕಾಣಿಸಿಕೊಂಡರು.

ಗೆಜ್ಜೆ ಕಟ್ಟಿದ ಚಿತ್ರಕಾರ

ಹೆಬ್ಬಾರರ ಕಲಿಕೆಯಲ್ಲಿ ಅತ್ಯಂತ ವಿಲಕ್ಷಣವಾದದ್ದು ಅವರ ನೃತ್ಯಾಭ್ಯಾಸ. ಲಯವೆಂದರೇನೆಂದು ತಿಳಿಯಬೇಕೆಂಬ ಹಂಬಲದಿಂದ ಅವರು ಜಯಪುರ ಘರಾಣೆಯ ಪಂಡಿತ ಸುಂದರಪ್ರಸಾದರಲ್ಲಿ ಸುಮಾರು ಎರಡು ವರ್ಷ ಕಥಕ್ ಕಲಿತರು. ವೇದಿಕೆಯೇರುವ ಆಸೆಯಿಂದಲ್ಲ, ಚಿತ್ರಕ್ಕಾಗಿ. ನರ್ತಕಿಯ ಎದುರಿಗೆ ಕೂತು ಆಕೆಯ ಭಂಗಿಗಳನ್ನು ಬರೆದುಕೊಂಡಿದ್ದರೆ ಸಾಕಾಗುತ್ತಿರಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಸಾಕಾಗುತ್ತಿರಲಿಲ್ಲ. ಭಂಗಿ ಕಣ್ಣಿಗೆ ಕಾಣುತ್ತದೆ. ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವ ಎಳೆತ ಮೈಯೊಳಗಿರುತ್ತದೆ. ಹದಿನಾರು ಮಾತ್ರೆಗಳ ತೀನ್‌ತಾಳದಲ್ಲಿ ಪಾದಗಳು ತತ್ಕಾರ ಹಾಕುತ್ತ, ಚಕ್ಕರ್ ತಿರುಗಿ, ಸರಿಯಾಗಿ ಸಮಕ್ಕೆ ಬಂದು ನಿಲ್ಲುವ ಆ ಕ್ಷಣದಲ್ಲಿ ಬೆನ್ನು, ಕತ್ತು, ಬೆರಳ ತುದಿ ಇವೆಲ್ಲ ಹೇಗೆ ಒಂದಾಗುತ್ತವೆ ಎಂಬುದು ಕುಣಿದವನಿಗೇ ಗೊತ್ತು.

ಗೆರೆ ಎಳೆಯುವುದೂ ಅಂತಹದೇ ಒಂದು ಮೈಯ ಕೆಲಸ. ಇದನ್ನು ಪ್ರಯೋಗ ಮಾಡಿ ನೋಡಬಹುದು. ಮಣಿಕಟ್ಟನ್ನು ಮೇಜಿನ ಮೇಲೆ ಊರಿ ಒಂದು ದೊಡ್ಡ ವೃತ್ತವನ್ನು ಬರೆಯಲು ಹೋದರೆ ಅದು ತುಂಡುತುಂಡಾಗಿ ಬರುತ್ತದೆ. ಎದ್ದು ನಿಂತು, ಭುಜದಿಂದ ಕೈಯನ್ನು ಸಡಿಲ ಬಿಟ್ಟು, ಒಂದೇ ಉಸಿರಿನಲ್ಲಿ ಎಳೆದರೆ ಗೆರೆ ಹರಿಯುತ್ತದೆ. ಕುಂಚವನ್ನು ಒತ್ತಿದರೆ ಗೆರೆ ತೋರವಾಗುತ್ತದೆ, ಎತ್ತಿದರೆ ಸಪುರವಾಗುತ್ತದೆ. ವೇಗ ಹೆಚ್ಚಿದರೆ ಒಣಗಿ ಬಿರುಸಾಗುತ್ತದೆ, ತಡೆದರೆ ಶಾಯಿ ಹರಡಿ ಚುಕ್ಕೆಯಾಗುತ್ತದೆ. ತೈಲಚಿತ್ರದಲ್ಲಿ ತಪ್ಪನ್ನು ಕೆರೆದು ತಿದ್ದಬಹುದು. ಕಾಗದದ ಮೇಲಿನ ಶಾಯಿಯ ಗೆರೆಗೆ ತಿದ್ದುಪಡಿಯಿಲ್ಲ. ತಾಳ ತಪ್ಪಿದ ಹೆಜ್ಜೆಯಂತೆ ಅದು ಎಲ್ಲರೆದುರು ಹಾಗೆಯೇ ಉಳಿಯುತ್ತದೆ.

ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿದವರು ಇದನ್ನು ಒಪ್ಪದಿರಲಾರರು. ನರ್ತಕಿಯ ಇಡೀ ಮೈಯನ್ನು ಅವರು ಕೆಲವೇ ಗೆರೆಗಳಲ್ಲಿ ಹಿಡಿದಿದ್ದಾರೆ. ಮುಖದ ವಿವರವಿಲ್ಲ, ಆಭರಣದ ವಿವರವಿಲ್ಲ. ಎಷ್ಟೋ ಕಡೆ ಗೆರೆ ಮಧ್ಯದಲ್ಲಿಯೇ ನಿಂತುಹೋಗಿ ಉಳಿದದ್ದನ್ನು ಬಿಳಿಯ ಕಾಗದವೇ ಹೇಳುತ್ತದೆ. ಆದರೂ ತಿರುಗುವ ಲಂಗದ ಭಾರ, ನೆಲಕ್ಕೆ ಬಿದ್ದ ಪಾದದ ಒತ್ತು, ಎತ್ತಿದ ಕೈಯ ಹಗುರ ನಮಗೆ ತಿಳಿಯುತ್ತದೆ. ಮೃದಂಗ ನುಡಿಸುವವನ ಬಾಗಿದ ಬೆನ್ನಿನ ಒಂದೇ ಗೆರೆಯಲ್ಲಿ ತಾಳ ಕೇಳಿಸುತ್ತದೆ. ಇಂತಹ ರೇಖಾಚಿತ್ರಗಳ ಸಂಗ್ರಹವೊಂದು 1964ರಲ್ಲಿ ‘ದಿ ಸಿಂಗಿಂಗ್ ಲೈನ್’ ಎಂಬ ಹೆಸರಿನಿಂದ ಪ್ರಕಟವಾಯಿತು. ಹಾಡುವ ಗೆರೆ ಎಂಬ ಆ ಹೆಸರು ಅಲಂಕಾರದ ಮಾತಲ್ಲ. ಗೆರೆಗೂ ಲಯಕ್ಕೂ ಇರುವ ನಂಟನ್ನು ಅವರು ಕಾಲಿಗೆ ಗೆಜ್ಜೆ ಕಟ್ಟಿ ಸಂಪಾದಿಸಿದ್ದರು.

ಇಲ್ಲಿ ನಾಗಮಂಡಲದ ಮಾತನ್ನು ನೆನೆಯಬೇಕಾಗುತ್ತದೆ. ಎಳೆಯ ವಯಸ್ಸಿನಲ್ಲಿ ಕರಾವಳಿಯಲ್ಲಿ ಒಟ್ಟಾಗಿ ಕಂಡಿದ್ದ ಚಿತ್ರ, ಕುಣಿತ, ವಾದ್ಯಗಳು ಕಲಾಶಾಲೆಯ ಪಾಠದಲ್ಲಿ ಬೇರೆಬೇರೆಯಾಗಿದ್ದವು. ಅವು ಮತ್ತೆ ಒಂದಾದದ್ದು ಕಥಕ್ಕಿನ ಮೂಲಕ, ಅದೂ ಉತ್ತರದೇಶದ ಒಬ್ಬ ಗುರುವಿನ ಕೃಪೆಯಿಂದ. ತನ್ನದನ್ನು ಕಂಡುಕೊಳ್ಳಲು ಪರರ ಮನೆಯ ವಿದ್ಯೆ ನೆರವಾಗುವುದು ಹೀಗೆ. ಪರಪ್ರಾಂತದಲ್ಲಿರುವ ನಾವು ನಮ್ಮ ಸಂಸ್ಕೃತಿಯನ್ನು ಉಳಿಸಿಕೊಳ್ಳುವ ಮಾತನ್ನು ಪ್ರತಿ ವಾರ್ಷಿಕೋತ್ಸವದಲ್ಲಿಯೂ ಆಡುತ್ತೇವೆ. ಉಳಿಸಿಕೊಳ್ಳುವುದೆಂದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದೆಂದು ಹೆಬ್ಬಾರರು ಭಾವಿಸಿದ್ದರೆ ಆ ಗೆರೆ ಹುಟ್ಟುತ್ತಿರಲಿಲ್ಲ.

ಬಣ್ಣದ ಕೆಲಸ, ಮೈಯ ಶ್ರಮ

ರೇಖಾಚಿತ್ರ ಕೆಲವು ನಿಮಿಷಗಳಲ್ಲಿ ಮುಗಿಯಬಹುದು. ಅದರ ಹಿಂದಿನ ಅಭ್ಯಾಸಕ್ಕೆ ವರ್ಷಗಳು ಹಿಡಿದಿರುತ್ತವೆ. ತೈಲಚಿತ್ರದ ರೀತಿ ಬೇರೆ. ಅದು ತಾಳ್ಮೆಯ ವ್ಯವಸಾಯ. ಬಟ್ಟೆಯನ್ನು ಮರದ ಚೌಕಟ್ಟಿಗೆ ಎಳೆದು ಬಿಗಿಯಬೇಕು. ಅಂಟು ಮತ್ತು ಬಿಳಿಯ ಲೇಪ ಕೊಟ್ಟು ಒಣಗಿಸಬೇಕು. ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕದೊಡನೆ ಕೂಡಿ ನಿಧಾನವಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ಕೆಳಗಿನ ಪದರದಲ್ಲಿ ಎಣ್ಣೆ ಕಡಮೆಯಿರಬೇಕು, ಮೇಲಿನದರಲ್ಲಿ ಹೆಚ್ಚಿರಬೇಕು. ಈ ಕ್ರಮ ತಪ್ಪಿದರೆ ಮುಂದೆ ಎಂದಾದರೂ ಚಿತ್ರ ಬಿರುಕು ಬಿಡುತ್ತದೆ. ದಪ್ಪನಾಗಿ ಹಾಕಿದ ಬಣ್ಣ ಒಳಗಿನವರೆಗೆ ಒಣಗಲು ತಿಂಗಳುಗಳೇ ಬೇಕು. ಇನ್ನು ಮುಂಬಯಿಯ ಮಳೆಗಾಲವನ್ನು ಬಲ್ಲವರಿಗೆ ಕ್ಯಾನ್ವಾಸಿನ ಗತಿ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ನಾಲ್ಕು ತಿಂಗಳು ಗೋಡೆಯೇ ಬೆವರುವ ಊರಿನಲ್ಲಿ ಬಟ್ಟೆ ಸಡಿಲವಾಗುತ್ತದೆ, ಹಿಂಬದಿಗೆ ಬೂಷ್ಟು ಹಿಡಿಯುತ್ತದೆ.

ಈ ಸಂಚಿಕೆಯಲ್ಲಿ ಆರೋಗ್ಯದ ಲೇಖನಗಳೂ ಇರುವುದರಿಂದ ಚಿತ್ರಕಾರರ ಮೈಯ ಶ್ರಮದ ಬಗೆಗೆ ಒಂದು ಮಾತು ಹೇಳುವುದು ಅಪ್ರಸ್ತುತವಾಗದು. ದೊಡ್ಡ ಚಿತ್ರಗಳನ್ನು ನಿಂತೇ ಬರೆಯಬೇಕು. ಭುಜ, ಕತ್ತು, ಸೊಂಟಗಳಿಗೆ ಬಿಡುವಿಲ್ಲ. ಹಳೆಯ ಕಾಲದಿಂದ ಬಳಕೆಯಲ್ಲಿದ್ದ ಬಿಳಿಯ ಸೀಸದ ಬಣ್ಣ ವಿಷ. ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡುವ ಅಭ್ಯಾಸ ಅಪಾಯಕಾರಿ. ಟರ್ಪೆಂಟೈನಿನ ಆವಿ ತುಂಬಿದ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ಕೆಲಸ ಮಾಡಿದರೆ ತಲೆನೋವು, ಗಂಟಲಿನ ಉರಿ, ಚರ್ಮದ ತುರಿ ತಪ್ಪಿದ್ದಲ್ಲ. ಮನೆಯಲ್ಲಿ ಚಿತ್ರ ಬರೆಯುವ ಮಕ್ಕಳಿದ್ದರೆ ಕಿಟಕಿ ತೆರೆದಿಡಬೇಕು, ಊಟಕ್ಕೆ ಮೊದಲು ಕೈ ಸ್ವಚ್ಛವಾಗಿ ತೊಳೆಯಲು ಹೇಳಬೇಕು.

ಹೆಬ್ಬಾರರ ನಂತರದ ದಶಕಗಳ ತೈಲಚಿತ್ರಗಳಲ್ಲಿ ಆಕೃತಿಗಳು ಕ್ರಮೇಣ ಕರಗಿ, ಬೆಳಕು ಮುಖ್ಯವಾಗುತ್ತ ಹೋಯಿತು. ಸೂರ್ಯ, ಚಂದ್ರ, ಆಕಾಶದ ವಿಸ್ತಾರ ಇವು ಅವರನ್ನು ಸೆಳೆದವು. ಮನುಷ್ಯ 1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟ ಯುಗದ ಬೆರಗೂ ಭಯವೂ ಅವುಗಳಲ್ಲಿ ಇವೆ. ಮಲಬಾರಿನ ಹೊಲದ ಹೆಂಗಸರನ್ನು ಬರೆದ ಕೈಯೇ ಇದನ್ನು ಬರೆಯಿತೆ ಎಂದು ಆಶ್ಚರ್ಯವಾಗುತ್ತದೆ. ಒಮ್ಮೆ ಮೆಚ್ಚುಗೆ ಪಡೆದ ಮಾದರಿಯನ್ನೇ ಜೀವನವಿಡೀ ಬರೆದುಕೊಡಲು ಕೇಳುವ ಗಿರಾಕಿಗಳು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಆ ಬೇಡಿಕೆಗೆ ತಲೆಬಾಗಿದರೆ ದುಡ್ಡು ಬರುತ್ತದೆ, ಕಲೆ ನಿಲ್ಲುತ್ತದೆ.

ತನಗಾಗಿ ಮಾತ್ರವಲ್ಲ

ಸ್ಟುಡಿಯೋದ ಬಾಗಿಲು ಮುಚ್ಚಿಕೊಂಡು ಇದ್ದುಬಿಡುವ ಸ್ವಭಾವ ಹೆಬ್ಬಾರರದಾಗಿರಲಿಲ್ಲ. ಮುಂಬಯಿಯಲ್ಲಿ ಕಲಾವಿದರಿಗೆ ತಮ್ಮ ಕೃತಿಗಳನ್ನು ತೋರಿಸಲು ಯೋಗ್ಯವಾದ ಸ್ಥಿರ ಸ್ಥಳದ ಕೊರತೆಯಿತ್ತು. ವಿಜ್ಞಾನಿ ಹೋಮಿ ಭಾಭಾ ಅವರೂ ಹೆಬ್ಬಾರರೂ ಸರ್ ಕಾವಸಜಿ ಜಹಾಂಗೀರರನ್ನು ಈ ವಿಷಯದಲ್ಲಿ ಒತ್ತಾಯಪಡಿಸಿದರು. ಅದರ ಫಲವಾಗಿ 1952ರಲ್ಲಿ ಕಾಲಾ ಘೋಡಾದಲ್ಲಿ ಜಹಾಂಗೀರ್ ಕಲಾಗ್ಯಾಲರಿ ತಲೆಯೆತ್ತಿತು. ಅಂದಿನಿಂದ ಎಷ್ಟು ಯುವಕಲಾವಿದರು ಆ ಗೋಡೆಗಳ ಮೇಲೆ ತಮ್ಮ ಮೊದಲ ಚಿತ್ರಗಳನ್ನು ತೂಗುಹಾಕಿದ್ದಾರೆಂಬುದನ್ನು ಎಣಿಸುವುದು ಕಷ್ಟ. ಆ ಮಾರ್ಗವಾಗಿ ನಿತ್ಯ ಕಚೇರಿಗೆ ಹೋಗಿಬರುವ ನಮ್ಮ ಕನ್ನಡಿಗರಲ್ಲಿ, ಈ ಕಟ್ಟಡದ ಹಿಂದೆ ಉಡುಪಿಯ ಕಡೆಯ ಒಬ್ಬರ ಒತ್ತಾಸೆಯಿದೆಯೆಂದು ಬಲ್ಲವರು ಕೆಲವರೇ ಇರಬಹುದು.

ಕೇಂದ್ರ ಲಲಿತಕಲಾ ಅಕಾಡೆಮಿ 1976ರಲ್ಲಿ ಅವರನ್ನು ಫೆಲೋ ಆಗಿ ಆರಿಸಿ ಗೌರವಿಸಿತು. ಆರು ದಶಕಗಳ ಕಾಲ ಹೊರನಾಡಿನಲ್ಲಿ ಬಾಳಿದರೂ ತಾಯಿನಾಡಿನ ಋಣವನ್ನು ಅವರು ಮರೆಯಲಿಲ್ಲ. ತಮ್ಮ ಅನೇಕ ಕೃತಿಗಳನ್ನು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಕೊಡುಗೆಯಾಗಿ ನೀಡಿದರು. ಮುಂಬಯಿಯಲ್ಲಿ ಗಳಿಸಿ ಊರಿನಲ್ಲಿ ಶಾಲೆ, ದೇವಸ್ಥಾನ ಕಟ್ಟಿಸುವ ಕರಾವಳಿಯವರ ಪದ್ಧತಿ ಸರ್ವವಿದಿತ. ಹೆಬ್ಬಾರರು ತಮ್ಮ ಗಳಿಕೆಯನ್ನು ಊರಿಗೆ ಮರಳಿಸಿದ್ದು ಈ ರೂಪದಲ್ಲಿ.

ನೋಡುವ ಬಗೆ

ಆಧುನಿಕ ಚಿತ್ರಗಳು ನಮಗೆ ಅರ್ಥವಾಗುವುದಿಲ್ಲವೆಂದು ಹೇಳಿ ದೂರ ಉಳಿಯುವ ಬಂಧುಗಳು ಬಹಳ ಮಂದಿ. ಅವರಿಗೆ ಒಂದು ಸಲಹೆ. ಹೆಬ್ಬಾರರ ರೇಖಾಚಿತ್ರವೊಂದು ಎದುರಾದಾಗ ಇದು ಏನು ಎಂದು ಕೂಡಲೇ ಕೇಳಬೇಡಿ. ಗೆರೆ ಎಲ್ಲಿಂದ ಹೊರಟಿದೆಯೋ ಅಲ್ಲಿ ಕಣ್ಣಿಟ್ಟು, ಅದು ಹೋದಲ್ಲೆಲ್ಲ ನಿಧಾನವಾಗಿ ಹೋಗಿ. ಅಕ್ಕಪಕ್ಕದವರ ಸಂಕೋಚವಿಲ್ಲದಿದ್ದರೆ ಬೆರಳನ್ನು ಗಾಳಿಯಲ್ಲಿ ಅದರ ಜೊತೆಗೇ ಆಡಿಸಿ. ಎಲ್ಲಿ ವೇಗ ಹೆಚ್ಚಿತು, ಎಲ್ಲಿ ತಡೆಯಿತು, ಎಲ್ಲಿ ಕುಂಚ ಕಾಗದದಿಂದ ಮೇಲೆದ್ದಿತು ಎಂಬುದು ಬೆರಳಿಗೇ ತಿಳಿಯುತ್ತದೆ. ಆಟದ ಚೆಂಡೆಗೆ ಕಾಲು ತಾಳ ಹಾಕುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ, ಇದೂ ಹಾಗೆಯೇ.

ದೆಹಲಿ, ಮುಂಬಯಿ, ಬೆಂಗಳೂರುಗಳಲ್ಲಿ ಶಾಖೆಗಳಿರುವ ರಾಷ್ಟ್ರೀಯ ಆಧುನಿಕ ಕಲಾಗ್ಯಾಲರಿಯ ಸಂಗ್ರಹದಲ್ಲಿ ಹೆಬ್ಬಾರರ ಕೃತಿಗಳಿವೆ. ಅವುಗಳ ಪ್ರದರ್ಶನ ಏರ್ಪಟ್ಟಾಗ ರಜೆಯ ದಿನವೊಂದನ್ನು ಮೀಸಲಿಟ್ಟು ಮಕ್ಕಳನ್ನೂ ಕರೆದುಕೊಂಡು ಹೋಗಿ ನೋಡಬೇಕು. ಊರನ್ನೇ ಕಾಣದೆ ಈ ನಗರಗಳಲ್ಲಿ ಹುಟ್ಟಿ ಬೆಳೆಯುತ್ತಿರುವ ಮಕ್ಕಳಿಗೆ ಕರಾವಳಿಯ ಮಾತನ್ನು ನಾವು ಎಷ್ಟು ವಿವರಿಸಿದರೂ ಅದು ಕಥೆಯಾಗಿಯೇ ಉಳಿಯುತ್ತದೆ. ಅಲ್ಲಿ ಗೋಡೆಯ ಮೇಲೆ ನಾಲ್ಕು ಗೆರೆಗಳಲ್ಲಿ ಅದರ ಲಯ ಇದೆ.